ಕಾರಿನ ನಕ್ಷೆಯೊಳಗೆ ಸೈಕಲ್ಲಿಗೆ ಜಾಗ: ಒಂದು ವಾಸ್ತುಶಿಲ್ಪಿ ಕಚೇರಿಯ ಸೇವೆಯ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ 24 ಮನೆಗಳಿವೆ. ಕಟ್ಟಡದ ಮಂಜೂರಾದ ನಕ್ಷೆಯಲ್ಲಿ ನಿವಾಸಿಗಳಿಗೆ 24, ಅತಿಥಿಗಳಿಗೆ 3, ಹೀಗೆ ಒಟ್ಟು 27 ಕಾರುಗಳಿಗೆ ಜಾಗ ಗುರುತಿಸಲಾಗಿದೆ. ಸೈಕಲ್ ಎಂಬ ಪದ ಆ ನಕ್ಷೆಯಲ್ಲಿ ಎಲ್ಲಿಯೂ ಇಲ್ಲ. ಮುಂಭಾಗದಲ್ಲಿ ಹಸಿರು ಬಣ್ಣ ಬಳಿದು ತೋರಿಸಿದ ಉದ್ಯಾನದ ಪಟ್ಟಿ ನಾವು ಮನೆಗಳಿಗೆ ಬರುವ ಹೊತ್ತಿಗೆ ಅರ್ಧದಷ್ಟು ಪೇವರ್ ಬ್ಲಾಕಿನ ಅಡಿಯಲ್ಲಿ ಹುದುಗಿಹೋಗಿತ್ತು. ಉಳಿದರ್ಧದಲ್ಲಿ ಇದ್ದ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಸುರಿಯಬೇಕಾಗಿತ್ತು. ಸೈಕಲ್ಲುಗಳು ಮೆಟ್ಟಿಲ ಕೆಳಗೆ, ಲಿಫ್ಟಿನ ಬಾಗಿಲ ಪಕ್ಕದಲ್ಲಿ, ಕಂಬಗಳಿಗೆ ಒರಗಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡು ಇರುತ್ತಿದ್ದವು. ಇದನ್ನು ಸರಿಪಡಿಸಲು ಸಂಘದ ವತಿಯಿಂದ ನಾವು ನಗರದ ಒಂದು ಚಿಕ್ಕ ವಾಸ್ತುಶಿಲ್ಪಿ ಕಚೇರಿಯನ್ನು ನೇಮಿಸಿಕೊಂಡೆವು. ನಕ್ಷೆ ತಿದ್ದುವುದು, ಅನುಮೋದನೆ ಪಡೆಯುವುದು, ಸೈಕಲ್ ನಿಲ್ದಾಣ ಮತ್ತು ಉದ್ಯಾನ ಎರಡನ್ನೂ ನಿಂತು ಮಾಡಿಸುವುದು, ಇವು ಅವರಿಗೆ ವಹಿಸಿದ ಕೆಲಸಗಳು. ಕೆಲಸ ಮುಗಿದು ಈಗ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆದಿವೆ. ಸಂಘದ ಕಾರ್ಯದರ್ಶಿಯಾಗಿ ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದ ನಾನು, ಆ ಸೇವೆ ಹೇಗಿತ್ತೆಂಬುದನ್ನು ಇಂಥದೇ ಕೆಲಸಕ್ಕೆ ಕೈಹಾಕಲಿರುವ ಇತರ ಸಂಘಗಳಿಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕಚೇರಿಯ ಹೆಸರನ್ನು ಬರೆಯುವುದಿಲ್ಲ.

ಅವರ ಬಳಿಗೆ ಹೋಗುವ ಮುನ್ನ ನಾವು ಒಬ್ಬ ಗುತ್ತಿಗೆದಾರರನ್ನು ಕರೆಸಿದ್ದೆವು. ಅವರು ಹತ್ತೇ ನಿಮಿಷದಲ್ಲಿ ಪರಿಹಾರ ಹೇಳಿಬಿಟ್ಟರು: ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಬಿಟ್ಟ ಖಾಲಿ ಜಾಗವಾದ ಪಕ್ಕದ ಸೆಟ್‌ಬ್ಯಾಕಿನಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಶೀಟು ಹೊದಿಸುವುದು, ಅಡ್ಡ ಬರುವ ಹೊಂಗೆಮರವನ್ನು ಕಡಿಯುವುದು, ಒಂದು ವಾರದಲ್ಲಿ ಕೆಲಸ ಮುಗಿಸುವುದು. ಸಮಿತಿಯಲ್ಲಿ ಬಹುತೇಕರು ಅದಕ್ಕೆ ಒಪ್ಪಿದ್ದರು, ನಾನೂ ಒಪ್ಪಿದ್ದೆ. ವಾಸ್ತುಶಿಲ್ಪಿಯವರು ಮೊದಲ ಭೇಟಿಯಲ್ಲಿಯೇ ಈ ಯೋಜನೆಯನ್ನು ನಿಲ್ಲಿಸಿದರು. ಸೆಟ್‌ಬ್ಯಾಕ್ ಎಂದರೆ ಆಕಾಶಕ್ಕೆ ತೆರೆದಿರಬೇಕಾದ ಜಾಗ. ಅಲ್ಲಿ ಮಾಡು ಹಾಕಿದರೆ ಅದು ನಕ್ಷೆಯ ಉಲ್ಲಂಘನೆಯಾಗುತ್ತದೆ, ಮುಂದೆ ಯಾವುದೇ ಅನುಮೋದನೆಗೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಆಗಿರುತ್ತದೆ ಎಂದರು. ಮರದ ವಿಷಯದಲ್ಲಿ ಅವರ ಮಾತು ಇನ್ನೂ ಸ್ಪಷ್ಟವಾಗಿತ್ತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿಯೇ ಬಂದಿದೆ. ನಮ್ಮ ಆವರಣದೊಳಗಿನ ಮರವೇ ಆದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಅದಕ್ಕೆ ಕೊಡಲಿ ಇಡುವಂತಿಲ್ಲ. "ಮರ ಉಳಿಸಿಕೊಂಡೇ ಜಾಗ ಹುಡುಕೋಣ ಮೇಡಂ, ಆಗದಿದ್ದರೆ ಆಗ ಮಾತಾಡೋಣ" ಎಂದು ಹೇಳಿ ಅವರು ಟೇಪು ತೆಗೆದರು. ಆ ಮರ ಇಂದಿಗೂ ಇದೆ.

ಈ ಊರಿಗೆ ಸೆಟ್‌ಬ್ಯಾಕ್ ಎಂಬುದು ನಿನ್ನೆ ಮೊನ್ನೆಯ ಕಾಗದದ ನಿಯಮವಲ್ಲ. ಪ್ಲೇಗಿನ ಪೆಟ್ಟು ತಿಂದ ಮೇಲೆ, 1903ರಲ್ಲಿಯೇ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಸ್ಥಾಪಿಸಿಕೊಂಡ ಊರು ಮೈಸೂರು. ಹಳೆಯ ಬಡಾವಣೆಗಳಲ್ಲಿ ಮನೆಮನೆಗಳ ಹಿಂದೆ ಶುಚಿ ಕೆಲಸದವರು ಓಡಾಡಲೆಂದು ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದು, ಗಾಳಿ ಬೆಳಕಿಗೆ ಅಂತರ ಇಟ್ಟಿದ್ದು ಆ ಕಾಲದ ತಿಳಿವಳಿಕೆಯಿಂದ. ಈಗ ನಮ್ಮ ಮೇಲೆ ಅನ್ವಯವಾಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರಡಿ ಮೈಸೂರು-ನಂಜನಗೂಡು ಪ್ರದೇಶಕ್ಕೆ ರೂಪಿಸಿದ 2031ರ ಮಹಾಯೋಜನೆ, ಎಲ್ಲಿ ಏನನ್ನು ಹೇಗೆ ಕಟ್ಟಬಹುದೆಂದು ಹೇಳುವ ಅದರ ವಲಯ ನಿಯಮಾವಳಿ. ಮೂರು ಮೀಟರ್ ಜಾಗ ಖಾಲಿ ಬಿದ್ದಿದೆಯಲ್ಲ ಎಂದು ನೋಡುತ್ತಿದ್ದ ನಮಗೆ, ಅದು ಖಾಲಿ ಇರುವುದರಿಂದಲೇ ನೆಲಮಹಡಿಯ ಮನೆಗಳಿಗೆ ಬೆಳಕು ಬರುತ್ತಿದೆ ಎಂಬುದನ್ನು ಅವರು ಒಂದೊಂದು ಕಿಟಕಿಯ ಬಳಿ ನಿಲ್ಲಿಸಿ ತೋರಿಸಿದರು. ಬರಿಯ ನಿಯಮದ ಸಂಖ್ಯೆ ಹೇಳಿದ್ದರೆ ನಮ್ಮ ಸಮಿತಿ ಇಷ್ಟು ಬೇಗ ಒಪ್ಪುತ್ತಿರಲಿಲ್ಲ.

ಎರಡನೆಯ ಭೇಟಿ ಬೆಳಿಗ್ಗೆ ಆರು ಗಂಟೆಗೆ, ಮೂರನೆಯದು ಸಂಜೆ ಏಳಕ್ಕೆ. ಎರಡು ಹೊತ್ತೂ ಅವರು ಮಾಡಿದ್ದು ಸೈಕಲ್ ಎಣಿಸುವ ಕೆಲಸ. ಒಟ್ಟು 34 ಸೈಕಲ್ ಸಿಕ್ಕವು. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ, ಹದಿನೈದು ದಿನದೊಳಗೆ ಮಾಲೀಕರು ಆ ಚೀಟಿಯ ಮೇಲೆ ಮನೆಯ ಸಂಖ್ಯೆ ಬರೆಯಬೇಕೆಂದು ಸೂಚನಾಫಲಕದಲ್ಲಿ ಹಾಕಿಸಿದರು. ಒಂಬತ್ತು ಚೀಟಿಗಳು ಖಾಲಿಯಾಗಿಯೇ ಉಳಿದವು. ಅವೆಲ್ಲ ಚೈನು ತುಕ್ಕು ಹಿಡಿದು, ಟಯರು ಬಿರಿದು, ಬೆಳೆದು ದೂರದ ಊರುಗಳಿಗೆ ಹೋದ ಮಕ್ಕಳು ಬಿಟ್ಟುಹೋದ ಸೈಕಲ್ಲುಗಳು. ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿ ಅವುಗಳನ್ನು ರಿಪೇರಿಯವರಿಗೆ ಕೊಟ್ಟೆವು. ಓಡಿಸಬಹುದಾದ ನಾಲ್ಕು ನಮ್ಮಲ್ಲಿ ಮನೆಗೆಲಸಕ್ಕೆ ಬರುವವರ ಮಕ್ಕಳಿಗೆ ಹೋದವು. ಉಳಿದ 25ರಲ್ಲಿ 11 ಮಕ್ಕಳ ಸೈಕಲ್, ಎರಡು ಬ್ಯಾಟರಿ ಸೈಕಲ್. ಹೀಗೆ ಎಣಿಸಿದ ಮೇಲೆ, ಮುಂದಿನ ಕೆಲವು ವರ್ಷಗಳ ಹೆಚ್ಚಳವನ್ನೂ ಅತಿಥಿಗಳನ್ನೂ ಸೇರಿಸಿ 32 ಸೈಕಲ್ಲುಗಳಿಗೆ ಜಾಗ ಬೇಕೆಂದು ತೀರ್ಮಾನವಾಯಿತು. ನಾನು ಸಮಿತಿಯಲ್ಲಿ ಐವತ್ತಕ್ಕಾದರೂ ಮಾಡಿಸೋಣ ಎಂದು ವಾದಿಸಿದ್ದೆ. ಎಣಿಕೆ ಕೈಯಲ್ಲಿ ಇಲ್ಲದಿದ್ದರೆ ಅಗತ್ಯವಿಲ್ಲದ ಹದಿನೆಂಟು ಸೈಕಲ್ಲಿನ ಜಾಗಕ್ಕಾಗಿ ನಾವು ಹಸಿರನ್ನು ಕಳೆದುಕೊಳ್ಳುತ್ತಿದ್ದೆವು.

ಈ ಲೆಕ್ಕಾಚಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಸಭೆಗಳಲ್ಲಿ ಎಲ್ಲ ಜಗಳವೂ ಕಾರಿಗೋ ಸೈಕಲ್ಲಿಗೋ ಎಂಬ ಹಂತದಲ್ಲಿ ನಿಂತುಬಿಡುತ್ತದೆ. ನಮ್ಮ ನಕ್ಷೆಯಲ್ಲಿ ಒಂದು ಕಾರಿನ ಜಾಗ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಅಂದರೆ 13.75 ಚದರ ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿಯಲ್ಲಿಯೂ ಕಾರಿಗೆ ಕನಿಷ್ಠ ಇಷ್ಟೇ ಜಾಗ ಹೇಳಿದೆ, ಸೈಕಲ್ಲಿಗೆ 1 ಚದರ ಮೀಟರ್ ಹೇಳಿದೆ. ಹಾಗೆಂದು ಒಂದು ಕಾರಿನ ಜಾಗದಲ್ಲಿ ಹದಿಮೂರು ಸೈಕಲ್ ತುಂಬಿದರೆ ಯಾರೂ ತಮ್ಮ ಸೈಕಲ್ಲನ್ನು ಹೊರಗೆ ತೆಗೆಯಲಾರರು. ತಲೆಕೆಳಗಾದ ಯು ಆಕಾರದ ಸ್ಟ್ಯಾಂಡುಗಳನ್ನು ಒಂದೊಂದು ಮೀಟರ್ ಅಂತರದಲ್ಲಿ ಕೂರಿಸಿದರೆ, ಎರಡು ತುದಿಗಳಲ್ಲಿ ಮುಕ್ಕಾಲು ಮುಕ್ಕಾಲು ಮೀಟರ್ ಬಿಟ್ಟು, 5.5 ಮೀಟರ್ ಉದ್ದದಲ್ಲಿ ಐದು ಸ್ಟ್ಯಾಂಡು ಹಿಡಿಯುತ್ತವೆ. ಪ್ರತಿ ಸ್ಟ್ಯಾಂಡಿನ ಎರಡೂ ಬದಿಗೆ, ಹ್ಯಾಂಡಲುಗಳು ತಾಗದಂತೆ ಎದುರುಬದುರು ದಿಕ್ಕಿನಲ್ಲಿ ನಿಲ್ಲಿಸಿದರೆ, ಹತ್ತು ಸೈಕಲ್. ಒಂದು ಕಾರಿಗೆ ಹತ್ತು ಸೈಕಲ್ ಎಂಬ ಈ ಲೆಕ್ಕವನ್ನು ಅವರು ಕಾಗದದ ಮೇಲೆ ತೋರಿಸಲಿಲ್ಲ. ಅತಿಥಿಗಳ ಕಾರು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಸ್ಟ್ಯಾಂಡಿನ ಬದಲು ಪ್ಲಾಸ್ಟಿಕ್ ಸ್ಟೂಲುಗಳನ್ನಿಟ್ಟು, ಎರಡು ದಿನ ನಮ್ಮ ಸೈಕಲ್ಲುಗಳನ್ನೇ ಅಲ್ಲಿ ನಿಲ್ಲಿಸಿ ತೆಗೆದು ನೋಡಲು ಹೇಳಿದರು. ಮೊದಲ ದಿನ 80 ಸೆಂಟಿಮೀಟರ್ ಅಂತರವಿಟ್ಟಿದ್ದರು. ಮಕ್ಕಳು ಸೈಕಲ್ ಎಳೆಯುವಾಗ ಪೆಡಲು ಪಕ್ಕದ ಸೈಕಲ್ಲಿನ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯ ದಿನ ಅದನ್ನು ಒಂದು ಮೀಟರಿಗೆ ಬದಲಿಸಿದರು. ಈ ಎರಡು ದಿನದ ಪ್ರಯೋಗ ಅವರ ಸೇವೆಯ ಅತ್ಯುತ್ತಮ ಭಾಗ ಎಂದು ನಾನು ತಿಳಿಯುತ್ತೇನೆ.

ಸ್ಟ್ಯಾಂಡಿನ ಆಯ್ಕೆಯಲ್ಲಿಯೂ ಇದೇ ಎಚ್ಚರ ಇತ್ತು. ಮುಂದಿನ ಚಕ್ರವನ್ನು ಮಾತ್ರ ಕಚ್ಚಿ ಹಿಡಿಯುವ ಅಗ್ಗದ ಸ್ಟ್ಯಾಂಡುಗಳನ್ನು ಅವರು ಆರಂಭದಲ್ಲಿಯೇ ಬೇಡವೆಂದರು. ಸೈಕಲ್ ಪಕ್ಕಕ್ಕೆ ವಾಲಿದಾಗ ಭಾರವೆಲ್ಲ ರಿಮ್ಮಿನ ಮೇಲೆ ಬಿದ್ದು ಅದು ಸೊಟ್ಟಗಾಗುತ್ತದೆ, ಜೊತೆಗೆ ಫ್ರೇಮಿಗೆ ಬೀಗ ಹಾಕಲು ಬರುವುದಿಲ್ಲ. ಗೋಡೆಗೆ ಕೊಕ್ಕೆ ಹಾಕಿ ಸೈಕಲ್ಲನ್ನು ನೇತುಹಾಕುವ ವಿಧಾನದಿಂದ ಜಾಗ ಬಹಳ ಉಳಿಯುತ್ತದೆ, ಸಮಿತಿಯ ಯುವಕರಿಗೆ ಅದರ ಮೇಲೆ ಆಸೆಯಿತ್ತು. ಆದರೆ ನಮ್ಮಲ್ಲಿ ನಿತ್ಯ ಸೈಕಲ್ ಹತ್ತುವವರಲ್ಲಿ ಮೊದಲಿಗರು ಎರಡನೆಯ ಮಹಡಿಯ ನಿವೃತ್ತ ಮೇಷ್ಟ್ರು. ಅವರದು ಇಪ್ಪತ್ತು ಕೆ.ಜಿ. ಹತ್ತಿರ ತೂಗುವ ಹಳೆಯ ಕಪ್ಪು ಸೈಕಲ್. ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯವರೆಗೆ ಅದರಲ್ಲಿ ಹೋಗಿ, ಅಲ್ಲಿ ಏರಿಯ ಮೇಲೆ ನಡೆದು, ಬರುವಾಗ ತರಕಾರಿ ತರುತ್ತಾರೆ. "ನೋಡಮ್ಮ, ಸೈಕಲ್ ತುಳಿಯೋಕೆ ಕಾಲಲ್ಲಿ ಶಕ್ತಿ ಇದೆ, ಎತ್ತೋಕೆ ತೋಳಲ್ಲಿ ಇಲ್ಲ" ಎಂದು ಅವರು ಸಭೆಯಲ್ಲಿ ಹೇಳಿದ ಮೇಲೆ ಕೊಕ್ಕೆಯ ಮಾತು ಮುಗಿಯಿತು. ಕೊನೆಗೆ ನಾವು ಮಾಡಿಸಿದ್ದು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸತು ಲೇಪಿಸಿದ ಕಬ್ಬಿಣದ (ಜಿ.ಐ.) ಪೈಪಿನ ಯು ಸ್ಟ್ಯಾಂಡುಗಳು: ದೊಡ್ಡವರಿಗೆ 75 ಸೆಂಟಿಮೀಟರ್ ಎತ್ತರದವು, ಮಕ್ಕಳಿಗೆ 50 ಸೆಂಟಿಮೀಟರಿನವು. ಪೈಪು, ಬಗ್ಗಿಸುವ ಕೂಲಿ, ಬಣ್ಣ, ಕೂರಿಸುವುದು ಎಲ್ಲ ಸೇರಿ ಒಂದಕ್ಕೆ 2,600 ರೂಪಾಯಿ ಬಿತ್ತು. ಹದಿನಾರು ಸ್ಟ್ಯಾಂಡಿಗೆ 41,600 ರೂಪಾಯಿ.

ಇಷ್ಟೆಲ್ಲ ಚೆನ್ನಾಗಿ ನಡೆದ ಮೇಲೆ ಅನುಮೋದನೆಯ ಘಟ್ಟದಲ್ಲಿ ಅವರು ಎಡವಿದರು. ಪರಿಷ್ಕೃತ ನಕ್ಷೆಯಲ್ಲಿ ಎರಡು ಸಡಿಲಿಕೆಗಳನ್ನು ಕೇಳಲಾಗಿತ್ತು. ಒಂದು, ಅತಿಥಿಗಳ ಮೂರು ಕಾರು ಜಾಗಗಳಲ್ಲಿ ಒಂದನ್ನು ಹತ್ತು ಸೈಕಲ್ಲುಗಳಿಗೆ ಬಿಡುವುದು. ಎರಡು, ಮುಂಭಾಗದ 46 ಚದರ ಮೀಟರ್ ಹಸಿರು ಪಟ್ಟಿಯನ್ನು ಪಶ್ಚಿಮದ ಕಾಂಪೌಂಡ್ ಗೋಡೆಯ ಉದ್ದಕ್ಕೂ ಸ್ಥಳಾಂತರಿಸುವುದು. ಅರ್ಜಿಯೊಂದಿಗೆ ಅವರು ಬರೆದುಕೊಟ್ಟ ಟಿಪ್ಪಣಿ ಓದಲು ಬಹಳ ಚೆನ್ನಾಗಿತ್ತು. ಅಮೆರಿಕದ ಪೋರ್ಟ್‌ಲೆಂಡ್ ನಗರದ ವಲಯ ಸಂಹಿತೆಯಲ್ಲಿ ಇಂತಹ ಹೊಂದಾಣಿಕೆಗೆಂದೇ ಪ್ರತ್ಯೇಕ ವಿಧಾನವಿದೆಯೆಂದೂ, ಕೇಳಿದ ಬದಲಾವಣೆಯು ಮೂಲ ನಿಯಮದ ಉದ್ದೇಶವನ್ನು ಅಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಈಡೇರಿಸುತ್ತದೆಯೇ ಎಂಬುದನ್ನು ಅಲ್ಲಿ ಪರಿಶೀಲಿಸುತ್ತಾರೆಂದೂ ಅದರಲ್ಲಿ ವಿವರಿಸಿದ್ದರು. ಆ ಊರಿನಲ್ಲಿ ಒಂದು ಸೈಕಲ್ಲಿಗೆ 2 ಅಡಿ ಅಗಲ, 6 ಅಡಿ ಉದ್ದ, ಅದರ ಹಿಂದೆ ಓಡಾಟಕ್ಕೆ 5 ಅಡಿ ಜಾಗ ಎಂಬ ಅಳತೆಯಿದೆ. ನಮ್ಮಲ್ಲಿ ಅಗಲ ಅಷ್ಟು ಸಿಗದಿದ್ದರೂ ಉದ್ದ ಮತ್ತು ಓಡಾಟದ ಜಾಗವನ್ನು ಅದೇ ಅಳತೆಗೆ ಹೊಂದಿಸಿದ್ದರು. ಆದರೆ ನಮ್ಮ ಅರ್ಜಿಯನ್ನು ನೋಡುವವರು ಪೋರ್ಟ್‌ಲೆಂಡಿನವರಲ್ಲ. ಕಾರು ಜಾಗದ ಸಂಖ್ಯೆಯಲ್ಲಿ ಒಂದನ್ನೂ ಕಡಿಮೆ ಮಾಡಲಾಗದು, ಹಸಿರು ಪಟ್ಟಿಯ ಒಟ್ಟು ವಿಸ್ತೀರ್ಣ ಕಡಿಮೆಯಾಗದಿದ್ದರೆ ಸ್ಥಳಾಂತರವನ್ನು ಪರಿಗಣಿಸಬಹುದು ಎಂಬ ಉತ್ತರ ಬಂತು. ಅರ್ಜಿ ಹಿಂತಿರುಗಿ, ತಿದ್ದಿ, ಮತ್ತೆ ಸಲ್ಲಿಸುವಷ್ಟರಲ್ಲಿ ಎರಡು ತಿಂಗಳು ಹೋದವು. ಕೆಲಸಕ್ಕೆ ಹಿಡಿದ ಒಟ್ಟು ಏಳು ತಿಂಗಳಲ್ಲಿ ಈ ಎರಡು ತಿಂಗಳನ್ನು ಉಳಿಸಬಹುದಾಗಿತ್ತು. ಅರ್ಜಿ ಹಾಕುವ ಮುನ್ನವೇ ಮಂಜೂರಾತಿ ಕಚೇರಿಗೆ ಹೋಗಿ ಮೌಖಿಕವಾಗಿ ವಿಚಾರಿಸಿಕೊಳ್ಳುವುದು ವಾಸ್ತುಶಿಲ್ಪಿಯವರ ಕೆಲಸವಾಗಿತ್ತು, ಅದನ್ನು ಅವರು ಮಾಡಿರಲಿಲ್ಲ. ಕೇಳಿದಾಗ ತಮ್ಮ ತಪ್ಪನ್ನು ಒಪ್ಪಿಕೊಂಡು, ಎರಡನೆಯ ಬಾರಿಯ ನಕ್ಷೆಗೆ ಶುಲ್ಕ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಕಾರು ಜಾಗ ಸಿಗದಿದ್ದಾಗ ಆ ಹತ್ತು ಸೈಕಲ್ಲುಗಳನ್ನು ಎಲ್ಲಿ ನಿಲ್ಲಿಸುವುದು? ಅವರು ಮತ್ತೆ ಬಂದು ಕಂಬಗಳ ನಡುವೆ ಕಾರು ನಿಲ್ಲಿಸುವ ಸ್ಟಿಲ್ಟ್ ಮಹಡಿಯ ಉದ್ದಗಲ ಓಡಾಡಿ, ಪಂಪ್ ಕೋಣೆಯ ಪಕ್ಕದ ಬೀಗ ಹಾಕಿದ ಜಾಲರಿಯ ಬಾಗಿಲ ಮುಂದೆ ನಿಂತು, ಇದರೊಳಗೆ ಏನಿದೆ ಎಂದು ಕೇಳಿದರು. ಅದು ನಕ್ಷೆಯಲ್ಲಿ ಸಾಮಾನ್ಯ ಉಗ್ರಾಣವೆಂದು ತೋರಿಸಿದ ಜಾಗ. ಬೀಗದ ಕೈ ಸೆಕ್ಯುರಿಟಿಯವರ ಬಳಿ ಇರಲಿಲ್ಲ, ಹಿಂದಿನ ಖಜಾಂಚಿಗಳ ಮನೆಯಲ್ಲಿ ಸಿಕ್ಕಿತು. ತೆರೆದಾಗ ಕಟ್ಟಡ ಕಟ್ಟಿದ ಕಾಲದಲ್ಲಿ ಉಳಿದ ಟೈಲ್ಸು, ಮುರಿದ ಸೋಫಾ, ಗಣಪತಿ ಹಬ್ಬದ ಪೆಂಡಾಲಿನ ಗಳುಗಳು, ಯಾರದೆಂದು ಯಾರಿಗೂ ಗೊತ್ತಿಲ್ಲದ ಎರಡು ಕಬ್ಬಿಣದ ಮಂಚಗಳು. ಖಾಲಿ ಮಾಡಿ ಅಳೆದರೆ 6.5 ಮೀಟರ್ ಉದ್ದ, 3.4 ಮೀಟರ್ ಅಗಲ. ಆರು ಸ್ಟ್ಯಾಂಡುಗಳಿಗೆ ಸರಿಯಾಗಿ ಆಗುವಷ್ಟು ಉದ್ದ. ಸೈಕಲ್ಲಿನ ಉದ್ದ ಕಳೆದ ಮೇಲೆ ಓಡಾಟಕ್ಕೆ ಒಂದೂವರೆ ಮೀಟರ್ ಉಳಿಯುವಷ್ಟು ಅಗಲ. ಕಾರಿನ ಜಾಗದಲ್ಲಿ ಹತ್ತು ಸಿಗುತ್ತಿದ್ದರೆ ಇಲ್ಲಿ ಹನ್ನೆರಡು ಸಿಕ್ಕವು, ಅದೂ ಯಾವ ಸಡಿಲಿಕೆಯನ್ನೂ ಕೇಳದೆ. ಮೊದಲ ದಿನವೇ ಆ ಬಾಗಿಲನ್ನು ತೆರೆಸಬೇಕಿತ್ತು ಎಂದು ಅವರೂ ಹೇಳಿದರು. ತೆರೆದು ತೋರಿಸದಿದ್ದುದು ನಮ್ಮ ಕಡೆಯ ತಪ್ಪು. ಅಂತಿಮವಾಗಿ ಉಗ್ರಾಣದಲ್ಲಿ 12, ಮೆಟ್ಟಿಲ ಹಿಂದಿನ ಮೂಲೆಯಲ್ಲಿ 10, ಗೇಟಿನ ಹತ್ತಿರ ಮಕ್ಕಳಿಗೆ 6, ಮುಂಭಾಗದಲ್ಲಿ ಮಾಡು ಇಲ್ಲದ ಅತಿಥಿ ನಿಲ್ದಾಣದಲ್ಲಿ 4, ಹೀಗೆ 32 ಸೈಕಲ್ಲುಗಳು ಕೂತವು.

ಈ ನಡುವೆ ಒಬ್ಬ ಸದಸ್ಯರು, ಮೆಟ್ಟಿಲ ಹಿಂದಿನ ಮೂಲೆ ತಮ್ಮ ಕಾರಿನ ಜಾಗಕ್ಕೆ ಸೇರಿದ್ದು, ಅದಕ್ಕೆ ಬಿಲ್ಡರಿಗೆ ಬೇರೆ ಹಣ ಕೊಟ್ಟಿದ್ದೇವೆ ಎಂದು ತಕರಾರು ತೆಗೆದರು. ಇದು ವಾಸ್ತುಶಿಲ್ಪಿಯವರ ವ್ಯಾಪ್ತಿಗೆ ಬರುವ ವಿಷಯವಲ್ಲವಾದರೂ, ಸ್ಟಿಲ್ಟ್ ಪಾರ್ಕಿಂಗ್ ಜಾಗವನ್ನು ಬಿಲ್ಡರು ಬೇರೆಯಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಪ್ರದೇಶ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಮುಂಬಯಿಯ ಒಂದು ಪ್ರಕರಣದಲ್ಲಿ ಹೇಳಿರುವುದನ್ನು ಅವರು ಗಮನಕ್ಕೆ ತಂದರು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನಮ್ಮ ಘೋಷಣಾ ಪತ್ರವನ್ನು ತೆಗೆದು ನೋಡಿದಾಗ ಆ ಮೂಲೆ ಸಾಮಾನ್ಯ ಪ್ರದೇಶದ ಪಟ್ಟಿಯಲ್ಲಿಯೇ ಇತ್ತು. ಆ ಸದಸ್ಯರು ಈಗ ಅಲ್ಲಿಯೇ ತಮ್ಮ ಮಗಳ ಸೈಕಲ್ ನಿಲ್ಲಿಸುತ್ತಾರೆ.

ಇನ್ನು ಹಸಿರಿನ ವಿಚಾರ. ಹಸಿರು ಪಟ್ಟಿಯನ್ನು ಪಶ್ಚಿಮಕ್ಕೆ ಒಯ್ಯಲು ಅವರು ಕೊಟ್ಟ ಕಾರಣ ಸರಳವಾಗಿತ್ತು. ಮುಂಭಾಗ ಉತ್ತರಕ್ಕಿದೆ, ಅಲ್ಲಿ ಕಟ್ಟಡದ್ದೇ ನೆರಳು. ಪಶ್ಚಿಮದ ಮನೆಗಳ ಗೋಡೆಗಳು ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಕಾದು ರಾತ್ರಿಯವರೆಗೂ ಬಿಸಿ ಉಗುಳುತ್ತವೆ. ಗಿಡಮರ ಅಗತ್ಯವಿರುವುದು ಅಲ್ಲಿ. ಹುಲ್ಲುಹಾಸನ್ನು ಪೂರ್ತಿಯಾಗಿ ತೆಗೆಸಿದರು. ಪಶ್ಚಿಮದ ಪೇವರುಗಳನ್ನು ಕಿತ್ತಾಗ ಕೆಳಗೆ ಸಿಕ್ಕಿದ್ದು ಮಣ್ಣಲ್ಲ, ಕಟ್ಟಡದ ಅವಶೇಷಗಳ ರಾಶಿ. ಅದನ್ನು ಎರಡು ಅಡಿ ಆಳದವರೆಗೆ ತೆಗೆದು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದರು. ಹೊಂಗೆಮರದ ಸುತ್ತ ಬುಡದವರೆಗೂ ಕೂರಿಸಿದ್ದ ಪೇವರುಗಳನ್ನು ಒಂದೂವರೆ ಮೀಟರ್ ದೂರದವರೆಗೆ ತೆಗೆಸಿ ಮಣ್ಣು ತೆರೆದರು, ಅಲ್ಲಿ ನೆಲ ಕೊರೆಯದಂತೆ ಸ್ಟ್ಯಾಂಡಿನ ಸಾಲನ್ನು ಸ್ವಲ್ಪ ಓರೆಗೆ ತಿರುಗಿಸಿದರು. ಗೋಡೆಯ ಉದ್ದಕ್ಕೂ ಎರಡು ಸಂಪಿಗೆ, ಒಂದು ಕರಿಬೇವು, ನಡುನಡುವೆ ದಾಸವಾಳ, ನಂದಿಬಟ್ಟಲು, ಕಿಟಕಿಗಳ ಕೆಳಗೆ ಮೈಸೂರು ಮಲ್ಲಿಗೆ. ಸಂಪಿನ ಮೇಲೆ ಮಣ್ಣಿನ ಆಳ ಸಾಲದೆಂದು ಅಲ್ಲಿ ಮರ ಹಾಕಲು ಒಪ್ಪಲಿಲ್ಲ. ಪೂಜೆಯ ಹೂವಿಗೆ, ಒಗ್ಗರಣೆಗೆ ಕೈಗೆ ಸಿಗುವ ಗಿಡಗಳನ್ನೇ ಆರಿಸಿದ್ದರಿಂದ ಈಗ ಅವುಗಳಿಗೆ ನೀರು ಹಾಕಲು ಯಾರಿಗೂ ನೆನಪಿಸಬೇಕಾಗಿಲ್ಲ. ನೆಲಮಹಡಿಯ ಅಜ್ಜಿಯೊಬ್ಬರು ಬೆಳಿಗ್ಗೆ ಹೂ ಬಿಡಿಸುವಾಗಲೇ ಒಣಗಿದ ಎಲೆಗಳನ್ನೂ ತೆಗೆದುಬಿಡುತ್ತಾರೆ.

ನೀರಿನ ಲೆಕ್ಕವನ್ನೂ ಅವರು ಸಭೆಗೆ ಮಂಡಿಸಿದ್ದರು. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆದ್ದರಿಂದ 46 ಚದರ ಮೀಟರ್ ತೆರೆದ ಮಣ್ಣಿನ ಮೇಲೆ ಒಂದು ವರ್ಷದಲ್ಲಿ ಬೀಳುವುದು ಸುಮಾರು 36,800 ಲೀಟರ್. ಮೊದಲು ಇದು ಪೇವರಿನ ಮೇಲಿಂದ ಹರಿದು ರಸ್ತೆಯ ಚರಂಡಿ ಸೇರುತ್ತಿತ್ತು. ಈಗ ಪಟ್ಟಿಯನ್ನು ನೆಲಮಟ್ಟಕ್ಕಿಂತ ನಾಲ್ಕು ಇಂಚು ತಗ್ಗಿಸಿ, ಕೊನೆಯಲ್ಲಿ ಒಂದು ಇಂಗುಗುಂಡಿ ತೋಡಿಸಿದ್ದಾರೆ. ಕಳೆದ ಮಳೆಗಾಲದಲ್ಲಿ ಜೋರು ಮಳೆ ಬಂದ ದಿನಗಳಲ್ಲಿಯೂ ಗೇಟಿನ ಮುಂದೆ ನೀರು ನಿಲ್ಲಲಿಲ್ಲ. ಟ್ಯಾಂಕರ್ ನೀರನ್ನು ಗಿಡಗಳಿಗೆಂದು ಈ ಬೇಸಿಗೆಯಲ್ಲಿ ಒಮ್ಮೆಯೂ ತರಿಸಲಿಲ್ಲ.

ಹಿಂಬದಿಯ ಬಾಗಿಲ ಬಳಿ ಇದ್ದ 30 ಸೆಂಟಿಮೀಟರ್ ಎತ್ತರದ ಕಟ್ಟೆಗೆ ಸೈಕಲ್ ಇಳಿಸಲು ರ‍್ಯಾಂಪ್ ಬೇಕಿತ್ತು. ಒಂದೂವರೆ ಮೀಟರಿನ ಕಡಿದಾದ ಇಳಿಜಾರು ಸಾಕೆಂದು ಮೇಸ್ತ್ರಿ ಹೇಳಿದ್ದರು. ವಾಸ್ತುಶಿಲ್ಪಿಯವರು 12ಕ್ಕೆ 1ರ ಇಳಿಜಾರು ಬೇಕೆಂದು ಹಟ ಹಿಡಿದು 3.6 ಮೀಟರ್ ಉದ್ದದ ರ‍್ಯಾಂಪ್ ಮಾಡಿಸಿದರು. ಗಾಲಿಕುರ್ಚಿಗೂ ಅದೇ ಇಳಿಜಾರು ಬೇಕು. ಕಳೆದ ದೀಪಾವಳಿಯ ಹೊತ್ತಿಗೆ ಮೊದಲ ಮಹಡಿಯ ಒಬ್ಬರಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಗಾಲಿಕುರ್ಚಿಯಲ್ಲಿ ಓಡಾಡಿದಾಗ, ಆ ಹೆಚ್ಚುವರಿ ಎರಡು ಮೀಟರ್ ಕಾಂಕ್ರೀಟಿನ ಬೆಲೆ ನಮಗೆ ತಿಳಿಯಿತು.

ಕೊರತೆಗಳು ಇನ್ನೂ ಎರಡಿವೆ. ಮೆಟ್ಟಿಲ ಹಿಂದಿನ ಮೂಲೆಗೆ ಅವರು ಒಂದೇ ದೀಪ ಕೊಟ್ಟಿದ್ದರು, ಅದೂ ಕಂಬದ ಮರೆಯಲ್ಲಿ. ಸಂಜೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಅಲ್ಲಿಗೆ ಹೋಗಲು ಹಿಂಜರಿದು ಸೈಕಲ್ಲನ್ನು ಮತ್ತೆ ಲಿಫ್ಟಿನ ಪಕ್ಕ ಬಿಡತೊಡಗಿದಾಗಲೇ ನಮಗೆ ಅದು ಅರಿವಿಗೆ ಬಂದದ್ದು. ಸೆನ್ಸರ್ ಇರುವ ಎರಡು ದೀಪಗಳನ್ನೂ ಒಂದು ಕ್ಯಾಮೆರಾವನ್ನೂ ಸಂಘದ ಖರ್ಚಿನಲ್ಲಿ ಹಾಕಿಸಬೇಕಾಯಿತು. ಬೆಳಿಗ್ಗೆ ಆರಕ್ಕೂ ಸಂಜೆ ಏಳಕ್ಕೂ ಬಂದು ನೋಡಿದವರಿಗೆ ಇದು ತಪ್ಪಿಹೋಗಬಾರದಿತ್ತು. ಇನ್ನೊಂದು, ನಂದಿಬಟ್ಟಲ ಗಿಡಗಳನ್ನು ಸೈಕಲ್ ದಾರಿಗೆ ಬಹಳ ಹತ್ತಿರ ನೆಡಿಸಿದ್ದರು. ಆರು ತಿಂಗಳಲ್ಲಿ ಕೊಂಬೆಗಳು ದಾರಿಗೆ ಬಾಗಿ ಹ್ಯಾಂಡಲಿಗೆ ಸಿಕ್ಕಿಕೊಳ್ಳತೊಡಗಿದವು. ಮೂರು ಗಿಡಗಳನ್ನು ಕಿತ್ತು ಹಿಂದಕ್ಕೆ ನೆಟ್ಟಾಗ ಒಂದು ಒಣಗಿತು.

ಅವರ ನಡವಳಿಕೆ ಹಾಗೂ ದಾಖಲೆಗಳ ಬಗ್ಗೆ ದೂರಿಲ್ಲ. ಶುಲ್ಕವನ್ನು ಮೂರು ಕಂತುಗಳಲ್ಲಿ ಪಡೆದರು, ಪ್ರತಿ ಭೇಟಿಯ ನಂತರ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಕಳುಹಿಸಿದರು. ಆ ಟಿಪ್ಪಣಿಗಳನ್ನು ಹಾಗೆಯೇ ಸಭೆಯ ನಡಾವಳಿ ಪುಸ್ತಕಕ್ಕೆ ಅಂಟಿಸಿದ್ದೇವೆ. ಸೆಕ್ಯುರಿಟಿಯವರಿಗೆಂದು ಯಾವ ಮನೆಗೆ ಯಾವ ಸ್ಟ್ಯಾಂಡು ಎಂದು ತೋರಿಸುವ ಚಿತ್ರಫಲಕವನ್ನೂ ಕನ್ನಡದಲ್ಲಿ ಮಾಡಿಕೊಟ್ಟರು.

2017ರಲ್ಲಿ ಟ್ರಿಣ್ ಟ್ರಿಣ್ ಹೆಸರಿನಲ್ಲಿ ಸುಮಾರು 450 ಬಾಡಿಗೆ ಸೈಕಲ್ಲುಗಳನ್ನು ರಸ್ತೆಗಿಳಿಸಿದ ಊರು ನಮ್ಮದು. ಅಷ್ಟು ಮಾಡಿದ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಸ್ವಂತ ಸೈಕಲ್ಲನ್ನು ನಿಲ್ಲಿಸಲು ಜಾಗ ಕೇಳಿಕೊಂಡು ಹೋಗಬೇಕಾದ ಸ್ಥಿತಿ ನನಗೆ ನೋವು ತರುತ್ತದೆ. ಹೊಸ ಕಟ್ಟಡಗಳ ನಕ್ಷೆಯಲ್ಲಿಯೇ ಕಾರಿನ ಜಾಗದ ಜೊತೆಗೆ ಸೈಕಲ್ಲಿನ ಜಾಗವನ್ನೂ ಕಡ್ಡಾಯವಾಗಿ ತೋರಿಸುವಂತಾದರೆ ನಮ್ಮಂತಹ ಸಂಘಗಳು ಏಳು ತಿಂಗಳು ಅಲೆಯಬೇಕಾಗುವುದಿಲ್ಲ.

ಒಂದು ವಾರದಲ್ಲಿ ಶೀಟು ಹೊದಿಸಿಕೊಡುವವರನ್ನು ಹುಡುಕುತ್ತಿರುವ ಸಂಘಗಳಿಗೆ ಈ ಬಗೆಯ ಕಚೇರಿ ನಿಧಾನವೆನಿಸುತ್ತದೆ. ನಿಯಮದ ಒಳಗಿದ್ದುಕೊಂಡು, ಮರವನ್ನೂ ಬೆಳಕನ್ನೂ ಉಳಿಸಿಕೊಂಡು ಕೆಲಸವಾಗಬೇಕೆನ್ನುವವರಿಗೆ ನಾನು ಇಂಥವರನ್ನೇ ಹುಡುಕಿಕೊಳ್ಳಿ ಎಂದು ಹೇಳುತ್ತೇನೆ. ನೇಮಿಸಿಕೊಳ್ಳುವಾಗ ಮೂರು ವಿಷಯಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ: ಅರ್ಜಿಗೆ ಮುನ್ನ ಮಂಜೂರಾತಿ ಕಚೇರಿಯಲ್ಲಿ ವಿಚಾರಿಸಿದ್ದಕ್ಕೆ ಲಿಖಿತ ಟಿಪ್ಪಣಿ, ದೀಪಗಳ ನಕ್ಷೆ, ಗಿಡಗಳು ಪೂರ್ತಿ ಬೆಳೆದಾಗ ಎಷ್ಟು ಹರಡುತ್ತವೆ ಎಂಬ ಅಳತೆ. ನೀವು ನಿಮ್ಮ ಕಡೆಯಿಂದ ಕಟ್ಟಡದಲ್ಲಿ ಬೀಗ ಹಾಕಿರುವ ಬಾಗಿಲುಗಳನ್ನೆಲ್ಲ ಮೊದಲ ಭೇಟಿಯ ದಿನವೇ ತೆರೆದಿಡಿ. ನಮ್ಮಲ್ಲಿಗೆ ಅವರು ಬೋಲ್ಟುಗಳ ಬಿಗಿ ನೋಡಲು ಮುಂದಿನ ಆಷಾಢದಲ್ಲಿ ಮತ್ತೊಮ್ಮೆ ಬರಲಿದ್ದಾರೆ. ಒಣಗಿದ ನಂದಿಬಟ್ಟಲಿನ ಜಾಗಕ್ಕೆ ಒಂದು ಪಾರಿಜಾತದ ಸಸಿ ತರುವುದಾಗಿ ಹೇಳಿದ್ದಾರೆ.